ಸುತ್ತಿಗೆ ಎರಡು ಸಾವಿರ, ಕಲ್ಲಿಗೆ ಎಷ್ಟು?

ಹೊಸಪೇಟೆ: ಈ ಅಂಕಣದಲ್ಲಿ ಮಾಮೂಲಾಗಿ ಚರಂಡಿ, ನಲ್ಲಿ ನೀರು, ಬೀದಿ ದೀಪ, ಬಸ್ ನಿಲ್ದಾಣದ ಗಬ್ಬುವಾಸನೆ ಇವುಗಳ ಸಮಾಚಾರವೇ ಇರುತ್ತದೆ. ಇವತ್ತು ಓದುಗರು ಕ್ಷಮಿಸಬೇಕು. ಇವತ್ತಿನದು ಲೆಕ್ಕದ ಸಮಾಚಾರ. ಬರೆಯುತ್ತಿರುವವನು ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟವನು. ಬಿಟ್ಟದ್ದಕ್ಕೆ ಕಾರಣವೂ ಲೆಕ್ಕವೇ! ಆದರೂ ಬರೆಯಲೇಬೇಕಾಗಿದೆ. ಯಾಕೆಂದರೆ ಈ ಲೆಕ್ಕದಲ್ಲಿ ಒಬ್ಬ ಬಡ ಗೌಂಡಿಯ ಹದಿನೈದು ಸಾವಿರ ರೂಪಾಯಿ ಮುಳುಗುತ್ತಿತ್ತು.

ಮೊನ್ನೆ ಸಂಜೆ ಪತ್ರಿಕೆಯ ಕಚೇರಿಯ ಬಾಗಿಲಲ್ಲಿ ಒಬ್ಬ ಗೌಂಡಿ ಬಂದು ನಿಂತ. ಅಂಗಿ ತುಂಬ ಸಿಮೆಂಟು. ಪಕ್ಕದಲ್ಲಿ ಅವನ ಮಗಳು, ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು, ಕೈಯಲ್ಲಿ ಚೌಕುಳಿ ಗೆರೆಯ ಲೆಕ್ಕದ ಪುಸ್ತಕ.

"ಸಾರ್, ನನಗೆ ಮೋಸ ಆಗೈತೋ ಇಲ್ಲೋ ನನಗೇ ಗೊತ್ತಾಗವಲ್ದು. ಈ ಹುಡುಗಿ ಆಗೈತೆ ಅಂತಾಳೆ. ನೀವು ಓದಿದೋರು, ಸ್ವಲ್ಪ ನೋಡ್ರಿ" ಅಂದ.

ಓದಿದೋರು! ಈ ಬಾತ್ಮೀದಾರನ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಮಾತಾದದ್ದು ಹೀಗೆ

ಊರಿನ ಒಂದು ಬಡಾವಣೆಯಲ್ಲಿ ಒಂದು ಭವನ. ಅದರ ಮುಂದೆ ಚೌಕಾಕಾರದ ಅಂಗಳ, 42 ಅಡಿಗೆ 42 ಅಡಿ. ಅದಕ್ಕೆ ಎರಡಡಿ ಚೌಕದ ಕಡಪ ಕಲ್ಲು ಹಾಸಬೇಕು. ನಟ್ಟನಡುವೆ ಧ್ವಜದ ಕಂಬ ನೆಡುವ ಒಂದು ಕಲ್ಲನ್ನು ಗುತ್ತೇದಾರ ಮೊದಲೇ ಕೂರಿಸಿದ್ದ. ಆ ಕಲ್ಲಿನ ಸುತ್ತ ಒಂದು ಸುತ್ತು, ಅದರ ಸುತ್ತ ಇನ್ನೊಂದು ಸುತ್ತು, ಹೀಗೆ ಹತ್ತು ಸುತ್ತು ಹಾಸಿದರೆ ಅಂಗಳ ತುಂಬುತ್ತದೆ.

ಗುತ್ತೇದಾರ ಹೇಳಿದ: "ಚದರಡಿ ಲೆಕ್ಕ ನಿನಗೂ ತಲೆನೋವು, ನನಗೂ ತಲೆನೋವು. ಸುತ್ತಿಗೆ ಎರಡು ಸಾವಿರ. ಹತ್ತು ಸುತ್ತಿಗೆ ಇಪ್ಪತ್ತು ಸಾವಿರ. ಸುತ್ತು ಮುಗಿದ ಹಾಗೆ ಕಾಸು ಎಣಿಸಿಕೋ." ಮರಳು, ಸಿಮೆಂಟು, ಕಲ್ಲು ಎಲ್ಲ ಗುತ್ತೇದಾರನದೇ. ಗೌಂಡಿಯದು ಕೆಲಸ ಮತ್ತು ಇಬ್ಬರು ಆಳುಗಳ ಕೂಲಿ.

ಮೊದಲ ದಿನ ಎರಡು ಸುತ್ತು ಮುಗಿಯಿತು. ಎಂಟು ಕಲ್ಲು, ಆಮೇಲೆ ಹದಿನಾರು ಕಲ್ಲು. ಸಂಜೆಗೆ ನಾಲ್ಕು ಸಾವಿರ ಕೈಗೆ! ಇಬ್ಬರು ಆಳುಗಳಿಗೆ ತಲಾ 600ರಂತೆ 1200 ಕೊಟ್ಟು, ಉಳಿದದ್ದನ್ನು ಜೇಬಿಗಿಟ್ಟು, ಮನೆಗೆ ಹೋಗುವಾಗ ಅರ್ಧ ಕೇಜಿ ಮಿರ್ಚಿ ಕಟ್ಟಿಸಿಕೊಂಡು ಹೋದನಂತೆ.

"ಇಷ್ಟು ವರ್ಷ ಗೌಂಡಿ ಕೆಲಸ ಮಾಡಿದೀಯ. ಸುತ್ತು ದೊಡ್ಡದಾಗುತ್ತಾ ಹೋಗುತ್ತೆ ಅಂತ ಗೊತ್ತಿರಲಿಲ್ಲವೇನಯ್ಯ?" ಎಂದು ಕೇಳಿದೆವು.

"ಗೊತ್ತಿತ್ತು ಸಾರ್. ಮೊದಲಿನ ಸುತ್ತಿನಾಗೆ ಲಾಭ, ಕಡೇ ಸುತ್ತಿನಾಗೆ ಸ್ವಲ್ಪ ಲುಕ್ಸಾನು, ಅದಕ್ಕಿದು ಸಮ ಹೋಗ್ತೈತೆ ಅನ್ಕೊಂಡೆ. ದೊಡ್ಡದಾಗ್ತೈತೆ ಅಂತ ಗೊತ್ತಿತ್ತು. ಎಷ್ಟು ದೊಡ್ಡದಾಗ್ತೈತೆ ಅಂತ ಗೊತ್ತಿರಲಿಲ್ಲ."

ಈ ಒಂದು ಮಾತಿನಲ್ಲೇ ಇವತ್ತಿನ ಅಂಕಣವೆಲ್ಲ ಇದೆ ಎನ್ನಬಹುದು.

ಚೌಕುಳಿ ಪುಸ್ತಕದ ಸಾಕ್ಷಿ

ಐದನೇ ಸುತ್ತಿನ ಹೊತ್ತಿಗೆ ಗೌಂಡಿಗೆ ಅನುಮಾನ ಬಂತು. ಆರನೇ ಸುತ್ತು ಮುಗಿಸುವಷ್ಟರಲ್ಲಿ ಆರನೇ ದಿನ ಬಂದಿತ್ತು. ಅವತ್ತು ರಾತ್ರಿ ಮಗಳು ಪುಸ್ತಕ ತೆಗೆದು, ಒಂದು ಚೌಕಕ್ಕೆ ಪೆನ್ಸಿಲ್‌ನಿಂದ ಬಣ್ಣ ತುಂಬಿದಳು. ಅದು ಧ್ವಜದ ಕಲ್ಲು. ಅದರ ಸುತ್ತ ಸುತ್ತುಗಳನ್ನು ಬರೆದು ಎಣಿಸಿದಳು. ಎಂಟು, ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು. ಅಷ್ಟಕ್ಕೇ ಎಣಿಸುವುದನ್ನು ಬಿಟ್ಟು, ಉಳಿದದ್ದನ್ನು ಬರೆದೇ ಬಿಟ್ಟಳು: 40, 48, 56, 64, 72, 80.

"ಎಣಿಸದೆ ಹೆಂಗೆ ಬರೆದೆಯಮ್ಮ?" ಎಂದರೆ ಆ ಹುಡುಗಿ ಪುಸ್ತಕ ತಿರುಗಿಸಿ ತೋರಿಸಿದಳು. ಓದುಗರೂ ಮನೆಯ ಮಕ್ಕಳ ಪುಸ್ತಕವೊಂದನ್ನು ಎಳೆದುಕೊಂಡು ನೋಡಬಹುದು. ಒಂದು ಸುತ್ತನ್ನು ನಾಲ್ಕು ಪಟ್ಟಿಗಳಾಗಿ ಕತ್ತರಿಸಿ. ಪ್ರತಿ ಪಟ್ಟಿಯೂ ಒಂದು ಮೂಲೆಯಿಂದ ಶುರುವಾಗಿ ಮುಂದಿನ ಮೂಲೆಗೆ ಒಂದು ಕಲ್ಲು ಮೊದಲೇ ನಿಲ್ಲಲಿ. ಆಗ ನಾಲ್ಕೂ ಪಟ್ಟಿ ಸಮ. ಮೊದಲ ಸುತ್ತಿನಲ್ಲಿ ಎರಡೆರಡು ಕಲ್ಲಿನ ನಾಲ್ಕು ಪಟ್ಟಿ, ಎಂಟು. ಎರಡನೆಯದರಲ್ಲಿ ನಾಲ್ಕು ನಾಲ್ಕರ ನಾಲ್ಕು ಪಟ್ಟಿ, ಹದಿನಾರು. ಹತ್ತನೆಯದರಲ್ಲಿ ಇಪ್ಪತ್ತು ಇಪ್ಪತ್ತರ ನಾಲ್ಕು ಪಟ್ಟಿ, ಎಂಬತ್ತು. ಒಂದೊಂದು ಸುತ್ತಿಗೂ ಪಟ್ಟಿ ಎರಡು ಕಲ್ಲು ಉದ್ದವಾಗುತ್ತದೆ, ನಾಲ್ಕು ಪಟ್ಟಿಗೆ ಎಂಟು ಕಲ್ಲು. ಸುತ್ತು ಎಷ್ಟನೆಯದೋ ಅದನ್ನು ಎಂಟರಿಂದ ಗುಣಿಸಿ. ಮುಗಿಯಿತು.

ಇನ್ನು ದುಡ್ಡಿನ ಲೆಕ್ಕ. ಗೌಂಡಿ ಬೇರೆ ಕಡೆ ಇದೇ ಕೆಲಸಕ್ಕೆ ಚದರಡಿಗೆ 20 ರೂಪಾಯಿ ತೆಗೆದುಕೊಳ್ಳುತ್ತಾನೆ. ಎರಡಡಿ ಚೌಕದ ಒಂದು ಕಲ್ಲು ಅಂದರೆ ನಾಲ್ಕು ಚದರಡಿ, ಅಂದರೆ ಕಲ್ಲಿಗೆ 80 ರೂಪಾಯಿ. ಇಲ್ಲಿ ಅವನಿಗೆ ಸಿಗುವುದು ಎಷ್ಟು?

ಮೊದಲ ಸುತ್ತಿನಲ್ಲಿ ಕಲ್ಲಿಗೆ 250 ರೂಪಾಯಿ. ಎರಡನೆಯದರಲ್ಲಿ 125. ಮೂರನೆಯದರಲ್ಲಿ ಸುಮಾರು 83. ಅಲ್ಲಿಗೆ ಲಾಭ ಖತಂ. ನಾಲ್ಕನೆಯದರಲ್ಲಿ 62 ರೂಪಾಯಿ 50 ಪೈಸೆ, ಐದನೆಯದರಲ್ಲಿ 50. ಹತ್ತನೆಯದರಲ್ಲಿ ಬರೀ 25!

ಮಜಾ ನೋಡಿ. ಐದು ಸುತ್ತಿನವರೆಗೆ ಒಟ್ಟು 120 ಕಲ್ಲು. ನ್ಯಾಯವಾಗಿ 9600 ಬರಬೇಕು, ಬಂದದ್ದು 10,000. ಇನ್ನೂ 400 ರೂಪಾಯಿ ಲಾಭವೇ. ಅದಕ್ಕೇ ಗೌಂಡಿ ಸುಮ್ಮನಿದ್ದ. ಆರನೇ ಸುತ್ತು ಸೇರಿದರೆ 168 ಕಲ್ಲು, ನ್ಯಾಯದ ಕೂಲಿ 13,440, ಬಂದದ್ದು 12,000. ಇಲ್ಲಿಂದ ಲುಕ್ಸಾನು ಶುರು. ಹತ್ತು ಸುತ್ತಿಗೆ 440 ಕಲ್ಲು, ನ್ಯಾಯದ ಕೂಲಿ 35,200. ಬರುವುದು 20,000. ಮುಳುಗುವುದು 15,200!

ಕೊನೆಯ ಸುತ್ತು ಒಂದಕ್ಕೇ ಎರಡೂವರೆ ದಿನ ಬೇಕು. ಇಬ್ಬರು ಆಳುಗಳ ಕೂಲಿಯೇ 3000. ಗುತ್ತೇದಾರ ಕೊಡುವುದು 2000. ಅಂದರೆ ಗೌಂಡಿ ಎರಡೂವರೆ ದಿನ ಬಿಸಿಲಲ್ಲಿ ಕೂತು ಕಲ್ಲು ಹಾಸಿ, ಮೇಲೆ ತನ್ನ ಜೇಬಿಂದ ಸಾವಿರ ರೂಪಾಯಿ ಕೊಟ್ಟು ಎದ್ದು ಬರಬೇಕು!

ಮೇಷ್ಟ್ರ ಹತ್ತಿರ

ಹುಡುಗಿಯ ಲೆಕ್ಕ ಸರಿಯೇ? ನಮಗೆ ಧೈರ್ಯವಿರಲಿಲ್ಲ. ಪತ್ರಿಕೆಯಲ್ಲಿ ಹಾಕಿ ನಾಳೆ ತಪ್ಪು ಎಂದರೆ ಮಾನ ಹೋಗುತ್ತದೆ. ಆದ್ದರಿಂದ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರ ಮನೆಗೆ ಪುಸ್ತಕ ತೆಗೆದುಕೊಂಡು ಹೋದೆವು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು, ನಕ್ಕರು.

"ಹುಡುಗಿ ಗೆದ್ದಳು. ಆದರೆ ನೀವು ಇಷ್ಟೊಂದು ಕೂಡಿಸಬೇಕಾಗೇ ಇರಲಿಲ್ಲ. ಇಡೀ ಅಂಗಳ ಒಂದು ಚೌಕ ತಾನೇ? ಒಂದು ಬದಿಗೆ 21 ಕಲ್ಲು. 21ನ್ನು 21ರಿಂದ ಗುಣಿಸಿದರೆ 441. ನಡುವಿನ ಒಂದು ಕಲ್ಲು ತೆಗೆದರೆ 440. ಎರಡು ದಾರಿಯಲ್ಲಿ ಹೋದರೂ ಒಂದೇ ಉತ್ತರ ಬಂದರೆ ಲೆಕ್ಕ ಸರಿ ಅಂತ ತಿಳೀರಿ."

ಹೌದಲ್ಲ! ನಮಗೇಕೆ ಹೊಳೆಯಲಿಲ್ಲ? ಗೌಂಡಿಗೇಕೆ ಹೊಳೆಯಲಿಲ್ಲ? ಸುತ್ತು, ಸುತ್ತು ಎಂದು ಮಾತಾಡಿಸಿದ್ದರಿಂದ ಎಲ್ಲರ ಕಣ್ಣೂ ಸುತ್ತಿನ ಮೇಲೇ ಇತ್ತು, ಅಂಗಳದ ಮೇಲೆ ಇರಲಿಲ್ಲ.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕೈಲಿದ್ದ ನಿನ್ನೆಯ ಸಂಚಿಕೆಯನ್ನೇ ಕಸಿದುಕೊಂಡು, ಅದರ ಅಂಚಿನಲ್ಲಿ ಎರಡು ಚಿತ್ರ ಬರೆದರು. ಎರಡೂ ಒಂದು ಚೌಕದಿಂದ ಶುರು. ಎರಡರಲ್ಲೂ ಮುಂದಿನ ಹೆಜ್ಜೆಗೆ ನಾಲ್ಕು ಕಡೆ ನಾಲ್ಕು ಚೌಕ ಸೇರಿ ಕೂಡು ಗುರುತಿನ ಹಾಗೆ ಐದು ಚೌಕ. ಇಲ್ಲಿಯವರೆಗೆ ಒಂದಕ್ಕೊಂದು ವ್ಯತ್ಯಾಸವೇ ಇಲ್ಲ.

ಮೂರನೇ ಹೆಜ್ಜೆಯಲ್ಲಿ ಒಂದು ಚಿತ್ರದ ನಾಲ್ಕು ಕೈ ಮಾತ್ರ ಉದ್ದವಾಯಿತು: 9. ಇನ್ನೊಂದರಲ್ಲಿ, ಇರುವ ಚೌಕಗಳ ಬದಿಗೆ ತಾಗುವ ಖಾಲಿ ಜಾಗವೆಲ್ಲ ತುಂಬಿತು: 13. ಮೊದಲನೆಯದು 1, 5, 9, 13, 17 ಎಂದು ಪ್ರತಿ ಸಲ ನಾಲ್ಕೇ ಸೇರುತ್ತಾ ಹೋಗುತ್ತದೆ. ಎರಡನೆಯದು 1, 5, 13, 25, 41. ಸೇರುವುದು ನಾಲ್ಕು, ಎಂಟು, ಹನ್ನೆರಡು, ಹದಿನಾರು. ಹತ್ತು ಸಲ ಬೆಳೆದ ಮೇಲೆ ಮೊದಲನೆಯದರಲ್ಲಿ 41 ಚೌಕ, ಎರಡನೆಯದರಲ್ಲಿ 221!

"ಒಂದು, ಐದು ಅಂತ ಎರಡು ಸಂಖ್ಯೆ ನೋಡಿ ಮೂರನೆಯದು ಹೇಳ್ತೀನಿ ಅನ್ನೋನು ಮೋಸ ಹೋಗ್ತಾನೆ. ಎಷ್ಟಿದೆ ಅಂತ ಕೇಳಿದರೆ ಸಾಲದು. ಪ್ರತಿ ಸಲ ಎಷ್ಟು ಸೇರ್ತಾ ಇದೆ, ಆ ಸೇರೋದು ಅಷ್ಟೇ ಇರುತ್ತೋ, ಅದೂ ಬೆಳೀತಾ ಇದೆಯೋ? ಅದನ್ನ ಕೇಳಬೇಕು" ಎಂದರು ಮೇಷ್ಟ್ರು.

ಗೌಂಡಿ ಮಾಡಿದ ತಪ್ಪು ಇದೇ. ಗುತ್ತೇದಾರನ ದುಡ್ಡು ಮೊದಲ ಚಿತ್ರದ ಹಾಗೆ ಸುತ್ತಿಗೆ ಅಷ್ಟಷ್ಟೇ ಸೇರುತ್ತಿತ್ತು. ಗೌಂಡಿಯ ಕೆಲಸ ಎರಡನೇ ಚಿತ್ರದ ಹಾಗೆ ಸೇರುವುದೂ ಬೆಳೆಯುತ್ತಾ ಹೋಗುತ್ತಿತ್ತು. ಹೊರಟಾಗ ದುಡ್ಡು ಮುಂದಿತ್ತು. ಆದರೆ ಕೆಲಸ ಅದನ್ನು ದಾಟಿ ಹೋಗಲೇಬೇಕಿತ್ತು.

ಸಾವಿರದ ಐನೂರು ವರ್ಷದ ಹಳೇ ಲೆಕ್ಕ

ಇದೇನು ಇಂಗ್ಲಿಷರು ತಂದ ವಿದ್ಯೆಯೇ? ಖಂಡಿತ ಅಲ್ಲ. ಆರ್ಯಭಟ 499ರಲ್ಲಿ ರಚಿಸಿದನೆಂದು ಹೇಳುವ 'ಆರ್ಯಭಟೀಯ'ದಲ್ಲೇ ಇದಕ್ಕೆ ಸೂತ್ರವಿದೆ. ಸಮನಾಗಿ ಏರುವ ಸಂಖ್ಯೆಗಳ ಸಾಲಿನಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸು, ಎಷ್ಟು ಸಂಖ್ಯೆಗಳಿವೆಯೋ ಅದರ ಅರ್ಧದಿಂದ ಗುಣಿಸು. ನಮ್ಮ ಅಂಗಳಕ್ಕೆ ಹಚ್ಚಿ ನೋಡಿ. ಮೊದಲ ಸುತ್ತು 8, ಕೊನೆಯದು 80, ಕೂಡಿದರೆ 88. ಹತ್ತು ಸುತ್ತಿನ ಅರ್ಧ 5. ಎಂಬತ್ತೆಂಟೈದಲಿ 440. ಬಾಯಲ್ಲೇ ಆಗುವ ಲೆಕ್ಕ!

ಇನ್ನೂ ಒಂದು ಸಂಗತಿ. 88ರ ಅರ್ಧ 44. ಅಂದರೆ ಸರಾಸರಿ ಸುತ್ತಿಗೆ 44 ಕಲ್ಲು. ಕಲ್ಲಿಗೆ 80ರಂತೆ ಸುತ್ತಿಗೆ 3520 ರೂಪಾಯಿ ಎಂದಿದ್ದರೆ ಸುತ್ತಿನ ಗುತ್ತಿಗೆಯೂ ನ್ಯಾಯವೇ ಆಗುತ್ತಿತ್ತು. ಸುತ್ತಿನ ಲೆಕ್ಕದಲ್ಲಿ ಪಾಪವಿಲ್ಲ. ದರದಲ್ಲಿ ಇತ್ತು.

ಆರ್ಯಭಟ ಇಂಥ ಸಾಲುಗಳ ಮೊತ್ತಕ್ಕೆ 'ಚಿತಿ' ಎಂಬ ಮಾತನ್ನು ಬಳಸಿದ್ದಾನೆ. ಚಿತಿ ಎಂದರೆ ಒಟ್ಟಿದ ರಾಶಿ. ಇಟ್ಟಿಗೆ ಒಟ್ಟುವವನ ಮಾತು ಲೆಕ್ಕದ ಪುಸ್ತಕಕ್ಕೆ ಹೋಗಿ ಕೂತಿದೆ ನೋಡಿ. ನಮ್ಮ ನಾಡಿನಲ್ಲೂ ಕಡಿಮೆಯೇನಿಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಸಾಲುಗಳ ಲೆಕ್ಕ ವಿಸ್ತಾರವಾಗಿದೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ವ್ಯವಹಾರ! ಪರೀಕ್ಷೆಗಲ್ಲ, ಬದುಕಿಗೆ ಎಂದು ಹೆಸರಲ್ಲೇ ಇದೆ.

ಕೇರಳದ ನೀಲಕಂಠ ಸೋಮಯಾಜಿ (1444-1544) ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಇದನ್ನು ಚಿತ್ರದಿಂದಲೇ ತಿಳಿಸಿದ್ದಾನೆ. ಒಂದು, ಎರಡು, ಮೂರು ಎಂದು ಮೆಟ್ಟಿಲಿನ ಹಾಗೆ ಚೌಕಗಳನ್ನು ಜೋಡಿಸಿ. ಅಂಥದೇ ಇನ್ನೊಂದು ಮೆಟ್ಟಿಲನ್ನು ತಲೆಕೆಳಗಾಗಿ ಮೇಲಿಡಿ. ಎರಡೂ ಕೂಡಿ ಆಯತವಾಗುತ್ತದೆ. ಹತ್ತು ಮೆಟ್ಟಿಲಾದರೆ ಹತ್ತಕ್ಕೆ ಹನ್ನೊಂದರ ಆಯತ, 110 ಚೌಕ. ಅದರ ಅರ್ಧ 55. ಈ 55ರ ಎಂಟರಷ್ಟು ಎಷ್ಟು? 440! ನಮ್ಮ ಗೌಂಡಿಯ ಅಂಗಳವೆಂದರೆ ಎಂಟು ಮೆಟ್ಟಿಲು ಮತ್ತು ನಡುವೆ ಒಂದು ಕಲ್ಲು, ಅಷ್ಟೇ. ಇದನ್ನು ಕೇಳಿ ಈ ಬಾತ್ಮೀದಾರನಿಗೆ, ಪಿ.ಯು.ಸಿ.ಯಲ್ಲಿ ಇದನ್ನು ಹೀಗೆ ಯಾರಾದರೂ ಹೇಳಿದ್ದರೆ ಎಂದು ಒಂದು ಗಳಿಗೆ ಹೊಟ್ಟೆ ಉರಿಯಿತು.

ಈಗಿನ ಮಕ್ಕಳ ಪುಣ್ಯ. ಎನ್.ಸಿ.ಇ.ಆರ್.ಟಿ.ಯವರು 2024ರಲ್ಲಿ ತಂದ ಆರನೇ ತರಗತಿಯ ಗಣಿತ ಪುಸ್ತಕದ ಮೊದಲ ಪಾಠವೇ ಇಂಥ ವಿನ್ಯಾಸಗಳದು. 1, 3, 5, 7 ಎಂದು ಬೆಸ ಸಂಖ್ಯೆಗಳನ್ನು ಕೂಡಿಸುತ್ತಾ ಹೋದರೆ 1, 4, 9, 16 ಎಂದು ಚೌಕಗಳೇ ಯಾಕೆ ಬರುತ್ತವೆ ಎಂಬುದಕ್ಕೆ ಅಲ್ಲಿ ಚಿತ್ರವಿದೆ. ಒಂದು ಚೌಕದ ಎರಡು ಬದಿಗೆ ಬಡಗಿಯ ಮಟ್ಟಗೋಲಿನ ಹಾಗೆ ಒಂದು ಮೂಲೆಪಟ್ಟಿ ಸೇರಿಸಿದರೆ ಮುಂದಿನ ಚೌಕ. ಪಟ್ಟಿಗಳು 3, 5, 7.

ಇದನ್ನು ಕಲ್ಲಿನಲ್ಲೇ ನೋಡಬೇಕೆನ್ನುವವರು ಬಸ್ಸು ಹತ್ತಿ ಹಂಪಿಗೆ ಹೋಗಬಹುದು. ರಾಜಪ್ರಾಂಗಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಕಪ್ಪು ಕಲ್ಲಿನ ಚೌಕದ ಪುಷ್ಕರಣಿ ಇದೆ. ಐದು ಹಂತ. ಪ್ರತಿ ಹಂತದಲ್ಲೂ ಎಡದಿಂದ ಹತ್ತಿ ಬಲಕ್ಕೆ ಇಳಿಯುವ ಸಣ್ಣ ಸಣ್ಣ ಮೆಟ್ಟಿಲುಗಳ ತ್ರಿಕೋನಗಳು. ಅಂಥ ತ್ರಿಕೋನವೊಂದನ್ನು ಚೌಕಗಳಿಂದ ಬರೆದು ನೋಡಿ. ತುದಿಯಲ್ಲಿ ಒಂದು, ಕೆಳಗೆ ಮೂರು, ಅದರ ಕೆಳಗೆ ಐದು, ಏಳು. ಕೂಡಿದರೆ ಹದಿನಾರು, ನಾಲ್ಕು ನಾಲ್ಕಲಿ! ಆ ಪುಷ್ಕರಣಿಯ ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂರಬೇಕೆಂಬ ಗುರುತುಗಳೂ ಇವೆ. ವಿಜಯನಗರದ ಕಾಲದಲ್ಲಿ ಕಲ್ಲು ಕಲ್ಲಿಗೂ ಲೆಕ್ಕವಿತ್ತು. ಅದೇ ನೆಲದಲ್ಲಿ ಇವತ್ತು ಗೌಂಡಿಗೆ ಒಂದು ಚೀಟಿಯೂ ಇಲ್ಲ.

ಗುತ್ತೇದಾರನ ಮುಂದೆ

ಮರುದಿನ ಬೆಳಿಗ್ಗೆ ನಾವು ಮೂವರೂ ಗುತ್ತೇದಾರನ ಹತ್ತಿರ ಹೋದೆವು. ಮೊದಲು ಗುತ್ತೇದಾರನದು ಒಂದೇ ಮಾತು: "ಮಾತು ಅಂದ್ರೆ ಮಾತು. ಮೊದಲನೇ ದಿನ ನಾಲ್ಕು ಸಾವಿರ ಎಣಿಸಿಕೊಂಡಾಗ ಇವನಿಗೆ ಲೆಕ್ಕ ನೆನಪಾಗಲಿಲ್ವಾ?"

ಆ ಮಾತಿನಲ್ಲೂ ಸತ್ಯವಿಲ್ಲದೆ ಇಲ್ಲ. ಗೌಂಡಿ ತಲೆ ತಗ್ಗಿಸಿದ. ಆಗ ಹುಡುಗಿ ಪುಸ್ತಕ ಬಿಚ್ಚಿ ಮೆಲ್ಲಗೆ ಕೇಳಿದಳು.

"ಅಂಕಲ್, ನಿಮಗೆ ಬಿಲ್ಲು ಸುತ್ತಿನ ಲೆಕ್ಕದಾಗೆ ಕೊಡ್ತಾರಾ, ಚದರಡಿ ಲೆಕ್ಕದಾಗಾ?"

ಗುತ್ತೇದಾರ ಸುಮ್ಮನಾದ. ಅವನ ಬಿಲ್ಲು 1764 ಚದರಡಿ, ಅಂದರೆ ಹದಿನೇಳೂಮುಕ್ಕಾಲು ಚದರಕ್ಕೆ ಸ್ವಲ್ಪ ಕಡಿಮೆ. ಅದನ್ನು ಅವನು ಸುತ್ತಿನಲ್ಲಿ ಬರೆದಿರಲಿಲ್ಲ! ಬೇಕೆಂದೇ ಹೀಗೆ ಮಾಡಿದನೋ, ಅವನಿಗೂ ಹೊಳೆದಿರಲಿಲ್ಲವೋ, ನಾವು ಹೇಳಲಾರೆವು. ಹೊಳೆದಿರಲಿಲ್ಲ ಎಂದು ಅವನು ದೇವರ ಮೇಲೆ ಆಣೆ ಇಟ್ಟ.

ಕೊನೆಗೆ ಚಹಾ ಬಂತು, ಚೌಕಾಶಿಯಾಯಿತು. ಮುಗಿದ ಆರು ಸುತ್ತಿಗೆ ಕೊಟ್ಟ 12,000 ಹಾಗೇ ಇರಲಿ. ಉಳಿದ ನಾಲ್ಕು ಸುತ್ತಿನ 272 ಕಲ್ಲು, ಅಂದರೆ 1088 ಚದರಡಿಗೆ, ಚದರಡಿಗೆ 15ರಂತೆ 16,320. ಒಟ್ಟು 28,320 ರೂಪಾಯಿ. ನ್ಯಾಯದ ಕೂಲಿಗಿಂತ ಇನ್ನೂ 6880 ಕಡಿಮೆಯೇ. ಆದರೆ ಇಪ್ಪತ್ತು ಸಾವಿರಕ್ಕೆ ಹೋಲಿಸಿದರೆ 8320 ಹೆಚ್ಚು. ಹದಿನಾಲ್ಕು ದಿನದ ಕೆಲಸದಲ್ಲಿ ಆಳುಗಳ ಕೂಲಿ 16,800 ಕಳೆದರೆ ಗೌಂಡಿಗೆ ಉಳಿಯುವುದು 11,520. ಹಳೇ ಮಾತಿನ ಪ್ರಕಾರವಾದರೆ ಉಳಿಯುತ್ತಿದ್ದುದು 3200. ದಿನಕ್ಕೆ 230 ರೂಪಾಯಿಯೂ ಇಲ್ಲ!

ನಮ್ಮದೊಂದು ಮಾತು

ಓದುಗರೇ, ಇದು ಒಬ್ಬ ಗೌಂಡಿಯ ಕಥೆಯಲ್ಲ. ಬಾವಿ ತೋಡುವವನಿಗೆ ಮಟ್ಟಕ್ಕೆ ಇಷ್ಟು, ಕಲ್ಲು ಕಟ್ಟುವವನಿಗೆ ವರಸೆಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಗುತ್ತಿಗೆ ಕೊಡುವುದು ಎಲ್ಲ ಕಡೆ ಇದೆ. ವರಸೆಗಳೆಲ್ಲ ಸಮ ಇದ್ದರೆ ತೊಂದರೆಯಿಲ್ಲ. ಬೆಳೆಯುವ ವರಸೆಯಾದರೆ ಮೊದಲು ನಗು, ಆಮೇಲೆ ಅಳು. ತುಂಡು ಲೆಕ್ಕದಲ್ಲಿ ದುಡಿಯುವವನಿಗೂ ಕನಿಷ್ಠ ದಿನಗೂಲಿಗಿಂತ ಕಡಿಮೆ ಆಗಬಾರದು ಎಂದು 1948ರ ಕನಿಷ್ಠ ವೇತನ ಕಾಯ್ದೆಯೂ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಕಾನೂನು ಕಾಗದದಲ್ಲಿದೆ. ಅಂಗಳದಲ್ಲಿ ಇರಬೇಕಾದದ್ದು ಒಂದು ಚೀಟಿ: ಇಷ್ಟು ಕಲ್ಲು, ಇಷ್ಟು ಚದರಡಿ, ಇಷ್ಟು ದರ. ಗುತ್ತೇದಾರರ ಬಿಲ್ಲು ಪಾಸು ಮಾಡುವವರು ಈ ಚೀಟಿಯನ್ನೂ ಕೇಳಿ ನೋಡಲಿ. ಒಂದು ಕಾಸೂ ಖರ್ಚಿಲ್ಲ.

ನಿನ್ನೆ ಸಂಜೆ ಆ ಅಂಗಳದ ಕಡೆ ಹೋಗಿದ್ದೆವು. ಎಂಟನೇ ಸುತ್ತು ನಡೆದಿತ್ತು. ಶಾಲೆ ಬಿಟ್ಟು ಬಂದ ಹುಡುಗಿ ಧ್ವಜದ ಕಲ್ಲಿನ ಮೇಲೆ ಕೂತು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದಳು. ಏನಮ್ಮ ಎಂದರೆ, ಪಕ್ಕದ ಊರಲ್ಲಿ ಅಪ್ಪನಿಗೆ ಇನ್ನೊಂದು ಅಂಗಳದ ಕೆಲಸ ಬಂದಿದೆಯಂತೆ. ಅಲ್ಲಿ ನಡುವೆ ಒಂದು ಕಲ್ಲಲ್ಲ, ನಾಲ್ಕು ಕಲ್ಲಿನ ಕಟ್ಟೆ.

"ಅಲ್ಲಿ ಮೊದಲನೇ ಸುತ್ತು ಹನ್ನೆರಡು ಬರ್ತೈತೆ ಸಾರ್. ಆಮೇಲೆ ಅದೂ ಎಂಟೆಂಟೇ ಜಾಸ್ತಿ ಆಗ್ತೈತೆ. ಯಾಕೆ ಅಂತ ನೀವೇ ಹೇಳ್ರಿ ನೋಡೋಣ" ಅಂದಳು.

ಪಿ.ಯು.ಸಿ. ಬಿಟ್ಟ ಈ ಬಾತ್ಮೀದಾರ, ಆಫೀಸಿನಲ್ಲಿ ಅರ್ಜೆಂಟು ಕೆಲಸವಿದೆ ಎಂದು ಹೇಳಿ ಅಲ್ಲಿಂದ ಕಾಲು ಕಿತ್ತ. ಉತ್ತರ ಗೊತ್ತಿದ್ದ ಓದುಗರು ನಾಳೆ ಸಂಜೆಯೊಳಗೆ ಕಚೇರಿಗೆ ತಿಳಿಸಿದರೆ ಉಪಕಾರವಾಗುತ್ತದೆ. ಮಾನದ ಪ್ರಶ್ನೆ!